ಸತ್ತ ವೈರು

ನನ್ನ ಮೂರನೆಯ ಕಂಪ್ಯೂಟರ್ ಸುಟ್ಟ ದಿನ ನಾನು ಅಳಲಿಲ್ಲ, ಬೈದೆ. ಯಾರನ್ನು ಬೈಯಬೇಕೆಂದು ಗೊತ್ತಿರಲಿಲ್ಲವಾದ್ದರಿಂದ ಕುರ್ಚಿಯನ್ನು ಬೈದೆ, ಗೋಡೆಯನ್ನು ಬೈದೆ. ಪುಸ್ತಕದ ಕರಡು ತಿದ್ದಿಸಲು ಬಂದು ಪಕ್ಕದಲ್ಲಿ ಕೂತಿದ್ದ ಗಿರಾಕಿಯನ್ನೂ ಸ್ವಲ್ಪ ಬೈದಿರಬೇಕು, ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಪಟ್ ಅಂತ ಒಂದು ಸದ್ದು, ಪರದೆ ಕಪ್ಪಾಯಿತು, ಪೆಟ್ಟಿಗೆಯ ಬೆನ್ನಿನಿಂದ ಸುಟ್ಟ ವಾಸನೆ ಬಂತು. ಆ ವಾಸನೆ ಎಷ್ಟು ಪರಿಚಯವಾಗಿಬಿಟ್ಟಿತ್ತೆಂದರೆ ಮೂಗಿಗೆ ಬಡಿಯುವ ಮೊದಲೇ ನನ್ನ ಕೈ ಪ್ಲಗ್ ಕೀಳಲು ಹೋಗಿತ್ತು.

ನನ್ನದು ಟೈಪಿಂಗ್, ಪುಟವಿನ್ಯಾಸ, ಪ್ರಿಂಟ್, ಜೆರಾಕ್ಸ್ ಅಂಗಡಿ. ಎರಡು ಅಂತಸ್ತಿನ ಕಟ್ಟಡದಲ್ಲಿ ಕೆಳಗಡೆ, ಹಿಂದಿನ ಕೋಣೆ. ಮುಂದುಗಡೆ ರಸ್ತೆಗೆ ಮುಖ ಮಾಡಿ ಟಿಕೆಟ್ ಬುಕಿಂಗ್, ಅದರ ಪಕ್ಕ ಕಟ್ಟಡದ ಯಜಮಾನರ ಕೋಣೆ. ಮೇಲೆ ಆಡಿಟರ್ ಕಚೇರಿ, ಮತ್ತು ಸರಿಯಾಗಿ ನನ್ನ ತಲೆಯ ಮೇಲೆ ಬ್ಯೂಟಿ ಪಾರ್ಲರ್. ನನ್ನ ಕೋಣೆ ಮೊದಲು ಕೋಣೆಯೇ ಆಗಿರಲಿಲ್ಲ. ಕಟ್ಟಡದ ಕರೆಂಟಿನ ಮೇನ್ ಬೋರ್ಡು, ಕಾಲು ಮುರಿದ ಕುರ್ಚಿಗಳು, ಒಣಗಿದ ಬಣ್ಣದ ಡಬ್ಬಗಳು, ಇಷ್ಟು ಅದರೊಳಗಿದ್ದವು. ಬೋರ್ಡನ್ನು ಆಚೆ ಮೆಟ್ಟಿಲಿನ ಕೆಳಗೆ ಸಾಗಿಸಿ, ಒಳಗೆ ಸುಣ್ಣ ಬಳಿಸಿ ನನಗೆ ಬಾಡಿಗೆಗೆ ಕೊಟ್ಟರು. ಬೋರ್ಡು ಸಾಗಿಸಿದವರು ನನ್ನ ಭಾವ, ಅಂದರೆ ಗಂಡನ ಅಣ್ಣ. ಈ ಕಟ್ಟಡದ ಎಲೆಕ್ಟ್ರಿಕ್ ಕೆಲಸವೆಲ್ಲ ಮೊದಲಿನಿಂದ ಅವರದೇ. ಕೋಣೆ ಕೊಡಿಸಿದವರೂ ಅವರೇ. ಆ ಉಪಕಾರವನ್ನು ನಾನು ಮರೆತಿಲ್ಲ, ಮರೆಯಲು ಮನೆಯಲ್ಲಿ ಯಾರೂ ಬಿಟ್ಟೂ ಇಲ್ಲ.

ನಾನು ಬಂದ ಮೇಲೆ ಕಟ್ಟಡದಲ್ಲಿ ಒಂದೊಂದೇ ಸುಡಲು ಶುರುವಾಯಿತು. ಮೊದಲು ಆಡಿಟರ ಕಂಪ್ಯೂಟರ್. ಆಮೇಲೆ ನನ್ನದು. ಆಮೇಲೆ ಟಿಕೆಟ್ ಬುಕಿಂಗಿನವನದು, ಅದರ ಜೊತೆಗೆ ಅವನ ಪ್ರಿಂಟರು. ಮತ್ತೆ ನನ್ನದೇ, ಎರಡು ಸಲ. ರಿಪೇರಿಯವನು ಪೆಟ್ಟಿಗೆ ಬಿಚ್ಚಿ, ಕಪ್ಪಾದ ಬಿಲ್ಲೆಯೊಂದನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ. "ನೋಡಿ ಮೇಡಂ, ಕರೆಂಟು ಅಳತೆ ಮೀರಿ ಬಂದಿದೆ. ಹೊಸದು ಹಾಕ್ತೀನಿ, ಅದೂ ಸುಡುತ್ತೆ. ನನಗೇನೋ ವ್ಯಾಪಾರ, ಆದ್ರೆ ಮೊದಲು ಲೈನ್ ತೋರಿಸ್ಕೊಳ್ಳಿ," ಅಂದ.

ತೋರಿಸಿಕೊಳ್ಳದೆ ಇದ್ದೆವೇ? ಸುಟ್ಟಾಗಲೆಲ್ಲ ಭಾವನಿಗೆ ಫೋನು ಹೋಗುತ್ತಿತ್ತು. ಭಾವ ಬರುವುದೆಂದರೆ ಅದೊಂದು ಸಮಾರಂಭ. ಬೈಕ್ ನಿಲ್ಲಿಸುವ ಮೊದಲೇ ಗಟ್ಟಿಯಾಗಿ ಕೂಗು: "ಎಲ್ಲಾರೂ ಆಫ್ ಮಾಡ್ಕೊಳ್ರಪ್ಪಾ!" ಆಡಿಟರ್ ಆಫ್ ಮಾಡುವರು, ಟಿಕೆಟಿನವನು ಆಫ್ ಮಾಡುವನು, ಪಾರ್ಲರಿನವಳು ತಲೆಯಲ್ಲಿ ಬಣ್ಣ ಮೆತ್ತಿಸಿಕೊಂಡಿದ್ದ ಗಿರಾಕಿಯನ್ನು ಬಿಸಿಲಿಗೆ ಕೂರಿಸಿ ಆಫ್ ಮಾಡುವಳು. ಯಾರಿಗೂ ತಮ್ಮ ಯಂತ್ರ ಪರೀಕ್ಷೆಗೆ ಸಿಕ್ಕಿ ಸುಡುವುದು ಬೇಡ. ಇಡೀ ಕಟ್ಟಡ ಉಸಿರು ಹಿಡಿದು ಕೂತ ಮೇಲೆ ಭಾವ ಒಂದೊಂದೇ ಕೋಣೆಗೆ ಹೋಗಿ ಮೀಟರಿನ ಕಡ್ಡಿ ಚುಚ್ಚಿ ನೋಡುವರು. ಎಲ್ಲ ಕಡೆಯೂ ಇನ್ನೂರ ಮೂವತ್ತು ವೋಲ್ಟಿನ ಆಸುಪಾಸು, ಇರಬೇಕಾದಷ್ಟೇ. "ಕರೆಂಟು ಹಾಲಿನಂಗೆ ಬರ್ತಾ ಇದೆ," ಅಂತ ಹೇಳಿ ಟೀ ಕುಡಿದು ಹೋಗುವರು.

ಕರೆಂಟು ಸರಿಯಿದ್ದರೆ ಸರಿಯಿಲ್ಲದ್ದು ಇನ್ನೇನು? ನಾನು.

ಯಜಮಾನರು ತಮ್ಮ ಕೋಣೆಗೆ ಎಲ್ಲರನ್ನೂ ಕರೆಸಿದರು. ನನಗೆ ಕುರ್ಚಿ ಇರಲಿಲ್ಲ, ಬಾಗಿಲ ಹತ್ತಿರ ನಿಂತೆ. ಸುತ್ತಿ ಬಳಸಿ ಮಾತಾಡುವುದು ಯಜಮಾನರ ಅಭ್ಯಾಸ. ಕಟ್ಟಡದ ಅಡಿಪಾಯ ಹಾಕಿದ ಕಾಲದಿಂದ ಶುರುಮಾಡಿ ಕೊನೆಗೆ ನನ್ನ ಜೆರಾಕ್ಸ್ ಯಂತ್ರಕ್ಕೆ ಬಂದರು.

"ನೋಡಮ್ಮ, ಯಾರ ಮೇಲೂ ನನಗೆ ದ್ವೇಷ ಇಲ್ಲ. ಆದ್ರೆ ನೀನು ಬರೋಕೆ ಮುಂಚೆ ಇಲ್ಲಿ ಒಂದು ಬಲ್ಬೂ ಸುಟ್ಟಿರಲಿಲ್ಲ."

"ಆ ಜೆರಾಕ್ಸು ಜಗ್ಗುತ್ತೆ ಸಾರ್," ಅಂದ ಟಿಕೆಟಿನವನು. "ಅದು ಒಂದೇ ಸಲ ಕರೆಂಟ್ ಎಳ್ಕೊಂಡಾಗ ನಮ್ಮ ಕಡೆ ಏರುಪೇರಾಗುತ್ತೆ. ಇಲ್ಲಾಂದ್ರೆ ಕಾಲ್ಗುಣ ಅನ್ಬೇಕಷ್ಟೆ."

ನಗುತ್ತ ಹೇಳಿದ. ಹೆಣ್ಣುಮಕ್ಕಳ ಕಾಲಿಗೆ ಕಂಪ್ಯೂಟರ್ ಸುಡುವ ಶಕ್ತಿಯೂ ಇದೆಯೆಂದು ನನಗೆ ಅಂದೇ ತಿಳಿದದ್ದು. ನನ್ನ ಮೈ ಉರಿದುಹೋಯಿತು.

"ನನ್ನ ಯಂತ್ರಗಳೇ ಹೆಚ್ಚು ಸುಟ್ಟಿರೋದು. ನನ್ನ ಅಂಗಡಿಗೆ ನಾನೇ ಬೆಂಕಿ ಇಟ್ಕೋತೀನಾ?"

ಯಜಮಾನರು ಭಾವನ ಕಡೆ ನೋಡಿದರು. ಭಾವ ಕಿಟಕಿಯಾಚೆ ನೋಡುತ್ತಿದ್ದರು.

"ಲೈನಂತೂ ಸರಿಯಾಗಿದೆ ಯಜಮಾನ್ರೇ," ಅಂದರು. "ಎಷ್ಟು ಸಲ ನೋಡಿದ್ದೀನಿ. ಆ ಮಿಷನ್ನು ಹಳೇದು, ಸ್ವಲ್ಪ ಜಗ್ಗೋದು ಹೌದು. ಇವಳಿಗೂ ಅದೇ ಹೇಳ್ದೆ, ಅಗ್ಗದ ಮಾಲು ತಗೋಬೇಡಮ್ಮ ಅಂತ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಲ್ಲಿ ಬರೆ ಎಳೆದವರು ನಮ್ಮ ಮನೆಯವರೇ. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಈ ಪೇಟೆಯಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಆ ಸಂಜೆಯೇ ಇನ್ನೊಂದು ಕಟ್ಟಡದಲ್ಲಿ ಕೋಣೆ ವಿಚಾರಿಸಿದರೆ, ಅಲ್ಲಿಯವನು, "ಓ, ಕರೆಂಟು ಸುಡೋ ಜೆರಾಕ್ಸಿನವರಾ?" ಅಂದ. ಈ ಕೋಣೆ ಹೋದರೆ ಇನ್ನೊಂದು ಸಿಗುವುದಿಲ್ಲ, ಅಂಗಡಿ ಅಲ್ಲಿಗೆ ಮುಗಿಯಿತು ಅನ್ನುವುದು ನನಗೆ ಆಗ ಖಾತ್ರಿಯಾಯಿತು.

ಮನೆಯಲ್ಲಿ ಅತ್ತೆಗೆ ನನಗಿಂತ ಮೊದಲೇ ಸುದ್ದಿ ಮುಟ್ಟಿತ್ತು.

"ಬಿಟ್ಟುಬಿಡೇ ಆ ಅಂಗಡಿನ. ನಿನ್ನಿಂದ ಅವನಿಗೆ ಅಲ್ಲಿ ತಲೆ ಎತ್ತೋಕಾಗ್ತಿಲ್ಲ. ಕೋಣೆ ಕೊಡಿಸಿದ ತಪ್ಪಿಗೆ ಅವನೂ ಮಾತು ಕೇಳ್ಬೇಕಾ?"

"ಮಾತು ಕೇಳಿದ್ದು ನಾನು ಅತ್ತೆ. ಅವರು ಕಿಟಕಿ ನೋಡ್ತಾ ಇದ್ರು."

"ಹಿರಿಯರ ಬಗ್ಗೆ ಹಾಗೆಲ್ಲಾ ಮಾತಾಡ್ಬೇಡ."

ಗಂಡನ ಮುಖ ನೋಡಿದೆ. "ಅಣ್ಣ ಹೇಳೋದರಲ್ಲೂ ಅರ್ಥ ಇದೆ, ನೀನು ಹೇಳೋದರಲ್ಲೂ ಅರ್ಥ ಇದೆ," ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನ ಗಂಡನಷ್ಟು ನುರಿತವರು ಇನ್ನೊಬ್ಬರಿಲ್ಲ. ನಾನು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮಾರನೆಯ ದಿನದಿಂದ ನಾನು ಹಟ ಹಿಡಿದು ಕೂತೆ. ಉಳಿದಿದ್ದ ಒಂದು ಕಂಪ್ಯೂಟರಿನ ಪ್ಲಗ್ ಕಿತ್ತಿಟ್ಟೆ, ಜೆರಾಕ್ಸ್ ಆಫ್ ಮಾಡಿದೆ. ಫ್ಯಾನು ಮಾತ್ರ ಹಾಕಿಕೊಂಡು, ಅಚ್ಚಾದ ಹಾಳೆಗಳಲ್ಲಿ ತಪ್ಪು ತಿದ್ದುವ ಕೆಲಸ ಹಿಡಿದೆ. ಬೆಳಿಗ್ಗೆ ನೆಟ್ಟಗಿತ್ತು. ಹನ್ನೊಂದರ ಹೊತ್ತಿಗೆ ಇದ್ದಕ್ಕಿದ್ದಂತೆ ಮೇಜಿನ ಹಾಳೆಗಳು ಹಾರಿದವು. ತಲೆ ಎತ್ತಿದರೆ ಫ್ಯಾನು ದೆವ್ವ ಹೊಕ್ಕಂತೆ ತಿರುಗುತ್ತಿದೆ. ರೆಗ್ಯುಲೇಟರನ್ನು ಯಾರೂ ಮುಟ್ಟಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಧಾನವಾಯಿತು. ಮತ್ತೆ ಜೋರಾಯಿತು. ಆಗ ಕಿವಿಗೆ ಬಿತ್ತು: ಫ್ಯಾನು ಜೋರಾದಾಗಲೆಲ್ಲ ಮೇಲೆ ಪಾರ್ಲರಿನಲ್ಲಿ ಕೂದಲು ಒಣಗಿಸುವ ಯಂತ್ರ ಗುಂಯ್ ಅನ್ನುತ್ತಿತ್ತು. ಅದು ನಿಂತರೆ ನನ್ನ ಫ್ಯಾನಿಗೂ ಬುದ್ಧಿ ಬರುತ್ತಿತ್ತು.

ಮೆಟ್ಟಿಲು ಹತ್ತಿ ಪಾರ್ಲರಿಗೆ ಹೋದೆ.

"ಡ್ರೈಯರ್ ಹಾಕಿದಾಗ ನಿನ್ನ ಕೋಣೇಲಿ ಏನಾಗುತ್ತೆ?"

"ಏನಾಗುತ್ತೆ ಅಕ್ಕ, ಅದಕ್ಕೆ ಉಸಿರೇ ಇಲ್ಲ. ಲೈಟು ಮಂಕಾಗುತ್ತೆ, ಏಸಿ ಕೆಮ್ಮುತ್ತೆ. ಊದಿ ಒಣಗಿಸಿದ್ರೂ ಬೇಗ ಒಣಗುತ್ತೆ ಅಂತಾರೆ ಗಿರಾಕಿಗಳು."

"ಮೀಟಿಂಗಲ್ಲಿ ಯಾಕೆ ಹೇಳಲಿಲ್ಲ?"

"ನಂದೇನೂ ಸುಟ್ಟಿಲ್ವಲ್ಲ, ನನ್ನ ಯಾರೂ ಕೇಳ್ಲಿಲ್ಲ."

ಅಲ್ಲಿ ಮಂಕು, ಇಲ್ಲಿ ಅಬ್ಬರ. ಅವಳ ಕೋಣೆಯ ಕರೆಂಟು ಇಳಿದಾಗ ನನ್ನದು ಏರುತ್ತಿತ್ತು. ನನ್ನ ಜೆರಾಕ್ಸ್ ಇಡೀ ದಿನ ಸತ್ತಂತೆ ಬಿದ್ದಿದ್ದರೂ ಏರುತ್ತಿತ್ತು. ಅಂದರೆ ಕಾರಣ ಬೋರ್ಡಿನಲ್ಲೋ ಅದರ ಆಚೆಗೋ ಇತ್ತು, ನನ್ನ ಕೋಣೆಯಲ್ಲಿ ಇರಲಿಲ್ಲ. ಮತ್ತು ಭಾವ ಬಂದಾಗಲೆಲ್ಲ ನಾವೇ ಎಲ್ಲವನ್ನೂ ಆರಿಸಿ, ರೋಗವನ್ನು ಹಿತ್ತಿಲ ಬಾಗಿಲಿಂದ ಓಡಿಸಿ, ವೈದ್ಯರ ಮುಂದೆ ನಾಡಿ ಚಾಚಿ ಕೂತಿರುತ್ತಿದ್ದೆವು.

ಆ ರಾತ್ರಿ ಊಟಕ್ಕೆ ಕೂತಾಗ ಭಾವನಿಗೆ ಇದನ್ನು ಹೇಳಿದೆ. ಅವರು ಕೈ ತೊಳೆಯಲು ಎದ್ದರು. "ಫ್ಯಾನಿನ ಕೆಪಾಸಿಟರ್ ಹೋಗಿರ್ಬೇಕು," ಅಂದರು. ಅತ್ತೆ ನನ್ನ ಕಡೆ ಕಣ್ಣು ಬಿಟ್ಟರು. ಮಾತು ಅಲ್ಲಿಗೆ ನಿಂತಿತು.

ತಿಂಗಳ ಕೊನೆ ಬಂತು. ನಾನು ಖಾಲಿ ಮಾಡಿರಲಿಲ್ಲ. ಬೆಳಿಗ್ಗೆ ಯಜಮಾನರು ಭಾವನನ್ನು ಕರೆದುಕೊಂಡು ಮೆಟ್ಟಿಲಿನ ಹತ್ತಿರ ಬಂದರು. ನನ್ನ ಕೋಣೆಯ ಲೈನು ಕತ್ತರಿಸುವುದೆಂದು ಮಾತಾಗಿತ್ತು. ಭಾವನ ಕೈಯಲ್ಲಿ ಕಟಿಂಗ್ ಪ್ಲೈಯರ್ ಇತ್ತು. ನನ್ನ ಮುಖ ನೋಡದೆ ಬೋರ್ಡಿನ ಬಾಗಿಲಿಗೆ ಕೈ ಹಾಕಿದರು. ನಾನು ಹೋಗಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ.

"ಕತ್ತರಿಸಿ ಭಾವ. ಅದಕ್ಕೆ ಮುಂಚೆ ಒಂದೇ ಒಂದು ಸಲ, ಎಲ್ಲಾನೂ ಹಚ್ಚಿ ನೋಡಿ. ಆರಿಸಿ ಅಲ್ಲ, ಹಚ್ಚಿ."

"ತಲೆ ಕೆಟ್ಟಿದೆಯಾ? ಇರೋವೂ ಸುಟ್ಟುಹೋಗ್ಲಿ ಅಂತಲಾ?" ಅಂದ ಟಿಕೆಟಿನವನು.

"ಕಂಪ್ಯೂಟರ್ ಎಲ್ಲಾ ಕಿತ್ತಿಡಿ. ಫ್ಯಾನು, ಲೈಟು, ಏಸಿ, ಡ್ರೈಯರ್ ಹಾಕಿ. ನನ್ನ ಜೆರಾಕ್ಸಿನ ಪ್ಲಗ್ ಯಜಮಾನರ ಕೈಯಲ್ಲೇ ಇರಲಿ. ಆಗಲೂ ನಿಮ್ಮ ಮೀಟರ್ ಸರಿ ತೋರಿಸಿದ್ರೆ ಸಂಜೆಯೊಳಗೆ ನಾನೇ ಗಾಡಿ ತಂದು ಖಾಲಿ ಮಾಡ್ತೀನಿ."

"ಆಗ್ಲಿ ಬಿಡ್ರಿ, ಹೇಗೂ ಹೋಗ್ತಾಳಂತೆ," ಅಂದರು ಆಡಿಟರ್. ಹೇಳಿದ್ದು ನನ್ನ ಪರವಾಗಿಯಲ್ಲ. ಆದರೂ ಉಪಯೋಗಕ್ಕೆ ಬಂತು.

ಎಲ್ಲರೂ ನನ್ನ ಕೋಣೆಯಲ್ಲಿ ನೆರೆದರು. ಯಜಮಾನರು ಜೆರಾಕ್ಸಿನ ವೈರನ್ನು ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನಿಂತರು. ಭಾವ ಗೋಡೆಯ ಪಾಯಿಂಟಿಗೆ ಮೀಟರಿನ ಕಡ್ಡಿ ಚುಚ್ಚಿದರು. ಇನ್ನೂರ ನಲವತ್ತು. ನಾನು ಬಾಗಿಲಿಂದ ಮೇಲಕ್ಕೆ ಕೂಗಿದೆ. ಪಾರ್ಲರಿನವಳು ಏಸಿ ಹಾಕಿದಳು, ಇನ್ನೂರ ಅರವತ್ತೈದು. ಒಂದು ಡ್ರೈಯರ್ ಹಾಕಿದಳು, ಇನ್ನೂರ ತೊಂಬತ್ತು. ಇನ್ನೊಂದು ಹಾಕಿದಳು. ಫ್ಯಾನು ಊಳಿಡತೊಡಗಿತು, ಗೋಡೆಯ ಕ್ಯಾಲೆಂಡರ್ ಎದ್ದೆದ್ದು ಬಡಿಯಿತು, ಮೀಟರು ಮುನ್ನೂರ ಹದಿನೈದಕ್ಕೆ ಹೋಗಿ ನಿಂತಿತು.

ಭಾವ ಮೀಟರಿಗೆ ಎರಡು ಏಟು ಕೊಟ್ಟರು. ಮುನ್ನೂರ ಹದಿನೈದೇ. "ಆರಿಸಕ್ಕೆ ಹೇಳು," ಅಂದರು. ಆರಿಸಿದಳು, ಇಳಿಯಿತು. "ಹಾಕಕ್ಕೆ ಹೇಳು." ಹಾಕಿದಳು, ಏರಿತು. ಮೂರನೆಯ ಸಲಕ್ಕೆ ಅವರು ಮೀಟರ್ ಜೇಬಿಗೆ ಹಾಕಿಕೊಂಡು ಮೆಟ್ಟಿಲಿನ ಕಡೆ ಹೋದರು. ಅವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. ನಾನು ಹಿಂದೆಯೇ ಹೋದೆ.

ಕಂಬದಿಂದ ಬರುವ ಲೈನನ್ನು ಹೊರಗಿನ ಫ್ಯೂಸ್ ಕಿತ್ತು ನಿಲ್ಲಿಸಿ, ಬೋರ್ಡಿನ ಮೇಲಿದ್ದ ಹಲಗೆಯ ಮುಚ್ಚಳ ಬಿಚ್ಚಿದರು. ಒಳಗಿಂದ ಅದೇ ನನ್ನ ಪರಿಚಯದ ವಾಸನೆ. ರಸ್ತೆಯಿಂದ ಬಂದ ನಾಲ್ಕು ದಪ್ಪ ಅಲ್ಯೂಮಿನಿಯಂ ವೈರುಗಳು ಬೋರ್ಡಿನವರೆಗೆ ಸಾಲದೆ, ತಾಮ್ರದ ವೈರಿನ ತುಂಡು ಸೇರಿಸಿ ಉದ್ದ ಮಾಡಿತ್ತು. ಕರೆಂಟು ಹೊತ್ತು ಬರುವ ಮೂರು ವೈರುಗಳ ಜೋಡಣೆಗೆ ಲೋಹದ ತೋಳು ತೊಡಿಸಿ ಒತ್ತಿ ಭದ್ರ ಮಾಡಿತ್ತು. ನಾಲ್ಕನೆಯದು ನ್ಯೂಟ್ರಲ್, ಬಂದ ಕರೆಂಟು ವಾಪಸು ಹೋಗುವ ವೈರು. ಅದನ್ನು ಮಾತ್ರ ಕೈಯಲ್ಲಿ ತಿರುಚಿ ಟೇಪು ಸುತ್ತಿತ್ತು. ಟೇಪು ಕರಗಿ ಕಪ್ಪು ಅಂಟಾಗಿತ್ತು, ಒಳಗಿನ ಎಳೆಗಳಿಗೆ ಬಿಳಿಯ ಪುಡಿ ಹಿಡಿದಿತ್ತು. ಭಾವ ಬೆರಳಲ್ಲಿ ಮುಟ್ಟಿದ್ದಷ್ಟೆ, ಎರಡು ತುದಿಗಳೂ ಬಿಟ್ಟುಕೊಂಡವು.

"ಇದೇನಾ?" ಅಂದರು ಯಜಮಾನರು.

"ಇದೇ. ನ್ಯೂಟ್ರಲ್ ಸರಿಯಾಗಿ ಕೂತಿಲ್ಲಾಂದ್ರೆ ಒಂದು ಕಡೆಯ ಕರೆಂಟು ಇನ್ನೊಂದು ಕಡೆಗೆ ನುಗ್ಗುತ್ತೆ. ಹಳೇ ವೈರು ಯಜಮಾನ್ರೇ, ಕಾಲ ಕಳೆದಂಗೆ ಹೀಗಾಗೋದೇ."

"ಅಂತೂ ಕಂಡುಹಿಡಿದ್ರಲ್ಲ!" ಯಜಮಾನರು ಭಾವನ ಬೆನ್ನು ತಟ್ಟಿದರು. "ನಾನು ಹೇಳ್ತಿರಲಿಲ್ವಾ, ನಮ್ಮ ಮೇಸ್ತ್ರಿ ಕಣ್ಣಿಗೆ ಬೀಳದೆ ಇರೋದು ಯಾವುದೂ ಇಲ್ಲ ಅಂತ."

"ಅನುಭವ ಅಂದ್ರೆ ಅನುಭವ," ಅಂದರು ಆಡಿಟರ್. ಟಿಕೆಟಿನವನು ಟೀ ಹೇಳಲು ಹೊರಟ. ಯಜಮಾನರು ನನ್ನ ಕಡೆ ತಿರುಗಿ, ಮಕ್ಕಳಿಗೆ ಮಿಠಾಯಿ ಕೊಡುವ ದನಿಯಲ್ಲಿ, "ಸರಿ ಹೋಗಮ್ಮ, ನೀನೂ ಇರು. ಆದದ್ದೆಲ್ಲಾ ನಾವು ಮನಸ್ಸಲ್ಲಿ ಇಟ್ಕೊಳ್ಳಲ್ಲ," ಅಂದರು.

ಮನಸ್ಸಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ! ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಕಳ್ಳಿಯ ಹಾಗೆ ವಿಚಾರಿಸಿದವರು, ಕಾಲ್ಗುಣ ಅಳೆದವರು, ಈಗ ನನ್ನನ್ನು ಕ್ಷಮಿಸುತ್ತಿದ್ದರು. ಭಾವನ ಕಡೆ ನೋಡಿದೆ. ಅವರಿಗೆ ನಾನೇನು ಹೇಳಹೊರಟಿದ್ದೇನೆಂದು ತಿಳಿಯಿತು. ಹತ್ತಿರ ಬಂದು ದನಿ ತಗ್ಗಿಸಿ, "ಮನೇಲಿ ಮಾತಾಡೋಣಮ್ಮ," ಅಂದರು.

"ನನ್ನ ಮೇಲೆ ತಪ್ಪು ಹೊರಿಸಿದ್ದು ಮನೇಲಲ್ಲ ಭಾವ. ಇಲ್ಲಿ, ಇವರ ಮುಂದೆ." ನನ್ನ ದನಿ ಮೇಲಿನವರೆಗೂ ಹೋಗಿರಬೇಕು, ಪಾರ್ಲರಿನವಳು ಮೆಟ್ಟಿಲಲ್ಲಿ ಬಂದು ನಿಂತಳು. "ಯಜಮಾನ್ರೇ, ಆ ವೈರು ಕಾಲ ಕಳೆದು ಕೆಟ್ಟಿದ್ದಲ್ಲ. ಆ ತಾಮ್ರದ ತುಂಡು ನೋಡಿ, ಹೊಳೀತಾ ಇದೆ. ನನಗೆ ಕೋಣೆ ಮಾಡಿಕೊಡೋಕೆ ಬೋರ್ಡು ಸರಿಸಿದ ದಿನ ಕಟ್ಟಿದ್ದು. ಮೂರಕ್ಕೆ ತೋಳು ಹಾಕಿ ಒಂದಕ್ಕೆ ಟೇಪು ಸುತ್ತಿದ್ದು. ಕಟ್ಟಿದ್ದು ನಮ್ಮ ಭಾವ. ನಾನು ಬಂದ ಮೇಲೆ ಸುಡೋಕೆ ಶುರುವಾಯ್ತು ಅಂದ್ರಲ್ಲ, ಅದು ನಿಜ. ಯಾಕೆ ಅನ್ನೋದಕ್ಕೆ ಉತ್ತರ ಇದು."

ಮೊದಲು ಬಾಯಿಬಿಟ್ಟವರು ಯಜಮಾನರು. "ಎಷ್ಟೇ ಆದ್ರೂ ಮನೆಯವರಮ್ಮ. ಹಿರಿಯರು. ಹೀಗೆ ಹತ್ತು ಜನರ ಮುಂದೆ…" ಆಡಿಟರ್ ನಾಲಿಗೆ ಲೊಚಗುಟ್ಟಿದರು. ಇಷ್ಟು ದಿನ ಸುಟ್ಟ ಯಂತ್ರಗಳಿಗೆ ಮರುಗದವರು ಭಾವನ ಮರ್ಯಾದೆಗೆ ಮರುಗಿದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆ ನೀರಿಗೂ ನನಗೆ ಸಿಟ್ಟು ಬಂತು.

ಭಾವ ಮೆಟ್ಟಿಲ ಮೇಲೆ ಕೂತರು. ಬಿಟ್ಟುಕೊಂಡ ಟೇಪಿನ ಅಂಟು ಇನ್ನೂ ಅವರ ಬೆರಳಲ್ಲಿತ್ತು.

"ಅವಳು ಹೇಳಿದ್ದು ಸರಿ," ಅಂದರು. "ನಾನೇ ಕಟ್ಟಿದ್ದು. ಅವತ್ತು ತೋಳು ಮೂರೇ ಇತ್ತು. ಇನ್ನೊಂದು ತರೋಕೆ ಅಂಗಡಿವರೆಗೆ ಹೋಗ್ಬೇಕಿತ್ತು. ನ್ಯೂಟ್ರಲ್ ತಾನೆ, ಟೆಸ್ಟರ್ ಇಟ್ರೂ ಉರಿಯಲ್ಲ, ಸತ್ತ ವೈರು, ಅದಕ್ಕೇನು ಅಂದ್ಕೊಂಡೆ. ನನಗೆ ಕೆಲಸ ಕಲಿಸಿದವರು ಹೇಳ್ತಿದ್ದದ್ದೂ ಹಾಗೇ."

"ಹೋಗ್ಲಿ ಬಿಡಿ, ಯಾರಿಗೆ ಆಗಲ್ಲ ತಪ್ಪು," ಅಂದರು ಯಜಮಾನರು. ತಪ್ಪು ನನ್ನದಾಗಿದ್ದಾಗ ಅವರ ಬಾಯಲ್ಲಿ ಈ ಮಾತು ಬಂದಿರಲಿಲ್ಲ.

ಭಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ತಮ್ಮ ಕೈಗಳನ್ನು ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ನನಗೆ ಮೊದಲು ಅದು ಅವಮಾನ ಅನ್ನಿಸಿತು, ಆಗಲಿ ಅಂದುಕೊಂಡೆ. ಆಮೇಲೆ ಅವರು ತಲೆ ಎತ್ತಿ ನನ್ನನ್ನೇ ನೋಡಿದಾಗ ಅದು ಅವಮಾನವಲ್ಲ, ಹೆದರಿಕೆ ಎಂದು ತಿಳಿಯಿತು.

"ಇದೊಂದೇ ಅಲ್ಲಮ್ಮ," ಅಂದರು. "ಬೋರ್ಡು ಸರಿಸಿದ ಕಡೆ, ವೈರು ಸಾಲದೆ ಬಂದ ಕಡೆಯೆಲ್ಲ ನಾನು ಹೀಗೇ ಕಟ್ಟಿದ್ದೀನಿ."

"ಎಲ್ಲೆಲ್ಲಿ?"

ಅವರು ನೆನಪು ಮಾಡಿಕೊಂಡು ಹೇಳತೊಡಗಿದರು. ಒಂದು ಬಟ್ಟೆ ಅಂಗಡಿ. ಒಂದು ಹಿಟ್ಟಿನ ಗಿರಣಿ. ನಡುವೆ ನಿಂತರು. ಮತ್ತೆ ಹೇಳಿದಾಗ ದನಿ ಇಳಿದುಹೋಗಿತ್ತು.

"ಹೆರಿಗೆ ಆಸ್ಪತ್ರೆ. ಹೋದ ವರ್ಷ. ಮೇಲ್ಗಡೆ, ದಿನ ತುಂಬದೆ ಹುಟ್ಟಿದ ಮಕ್ಕಳನ್ನ ಪೆಟ್ಟಿಗೇಲಿ ಇಡೋ ಕೋಣೆ."

ಟಿಕೆಟಿನವನು ಟೀ ತಂದಿದ್ದ. ಯಾರೂ ತೆಗೆದುಕೊಳ್ಳಲಿಲ್ಲ.

ನನ್ನ ಕೋಪ ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಅತ್ತೆ ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು, ಅದಕ್ಕೂ ನನಗೆ ಕೋಪವೇ. ಆದರೆ ಆ ಗಳಿಗೆಯಲ್ಲಿ ಅದನ್ನು ಯಾರ ಮೇಲೆ ತೋರಿಸಲೂ ಹೊತ್ತಿರಲಿಲ್ಲ. ಅಂಗಡಿಯ ಷಟರ್ ಎಳೆದು ಬೀಗ ಹಾಕಿದೆ. ಆಡಿಟರು ಫೋನಿನಲ್ಲಿ ಆಸ್ಪತ್ರೆಯ ನಂಬರು ಹುಡುಕತೊಡಗಿದ್ದರು.

"ತೋಳು ಎಲ್ಲಿ ಸಿಗುತ್ತೆ ಭಾವ?"

"ಪೇಟೆ ಬೀದಿ ಮೂಲೇಲಿ."

"ಏಳಿ," ಅಂದೆ. ಅವರು ಕೀಲಿಗಾಗಿ ಜೇಬು ತಡಕಿದರು. ಬೈಕಿನ ಕೀಲಿಯನ್ನು ಅವರಿಂದ ಇಸಿದುಕೊಂಡು ನಾನೇ ಓಡಿಸಿದೆ.